ನೀರಿಗೆ ಗೊತ್ತಿರುವ ಇಳಿಜಾರು: ತುಂಗಭದ್ರೆಯ ದಂಡೆಯಲ್ಲಿ ಮೂರು ದಿನ ಸೈಕಲ್

ದಾವಣಗೆರೆಯ ಮನೆಗಳಲ್ಲಿ ಮಳೆಗಾಲದ ಬೆಳಗು ಒಂದು ಅಂಕಿಯಿಂದ ಶುರುವಾಗುತ್ತದೆ. ಪತ್ರಿಕೆ ಕೈಗೆ ಬಂದ ಕೂಡಲೇ ಭದ್ರಾ ಜಲಾಶಯದ ಮಟ್ಟ ಎಷ್ಟಾಯಿತೆಂದು ನೋಡುತ್ತೇವೆ. ರೈತರು ನೋಡುತ್ತಾರೆ, ಗೊಬ್ಬರದ ಅಂಗಡಿಯವರು ನೋಡುತ್ತಾರೆ, ಗದ್ದೆಯ ಮುಖ ಕಾಣದ ನನ್ನಂಥ ಸಂಬಳದಾರರೂ ನೋಡುತ್ತಾರೆ. 186 ಅಡಿ ಎಂದರೆ ಭರ್ತಿ. ಭರ್ತಿಯಾದರೆ ಎರಡು ಬೆಳೆ ಭತ್ತ, ಆಗದಿದ್ದರೆ ಒಂದೇ ಬೆಳೆ. ಇಪ್ಪತ್ತು ವರ್ಷ ಈ ಅಂಕಿಯನ್ನು ಓದಿದ್ದೇನೆ. ಆ ನೀರು ಅಣೆಕಟ್ಟೆಯಿರುವ ಲಕ್ಕವಳ್ಳಿಯಿಂದ ಹೊರಟು ನಮ್ಮ ಊರಿನ ಪಕ್ಕದಲ್ಲಿ ಹೇಗೆ ಹಾದು, ಎಲ್ಲಿ ಹೊಳೆ ಸೇರುತ್ತದೆ ಎಂಬುದನ್ನು ಮಾತ್ರ ಒಮ್ಮೆಯೂ ಹಿಂಬಾಲಿಸಿ ನೋಡಿರಲಿಲ್ಲ.

ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಾನೆ. ಸೆಮಿಸ್ಟರ್ ಮುಗಿಸಿ ಮನೆಗೆ ಬಂದಿದ್ದ. "ಮಾವ, ಹೆದ್ದಾರಿ ಬೇಡ. ಒಂದು ಲಾರಿಯೂ ಹಾರ್ನ್ ಹೊಡೆಯದ ದಾರಿಯಲ್ಲಿ ಮೂರು ದಿನ ಸೈಕಲ್ ಹೊಡೆಯೋಣ" ಎಂದ. ನವೆಂಬರ್ ಕೊನೆಯ ವಾರ, ಕೊಯ್ಲಿನ ಕಾಲ. ಎರಡು ಗೇರ್ ಸೈಕಲ್, ಹಿಂದಿನ ಕ್ಯಾರಿಯರ್‌ಗೆ ಬಿಗಿದ ಒಂದೊಂದು ಚೀಲ, ಎರಡೆರಡು ಟ್ಯೂಬ್. ತಯಾರಿ ಅಷ್ಟೇ.

ಮೊದಲ ದಿನ: ದಾವಣಗೆರೆ, ದೇವರಬೆಳಕೆರೆ, ಹರಿಹರ

ಹರಿಹರಕ್ಕೆ ನೇರ ದಾರಿ 14 ಕಿ.ಮೀ. ಮಾತ್ರ. ನಾವು ಅದನ್ನು ಬಿಟ್ಟು ದಕ್ಷಿಣಕ್ಕೆ ಸುತ್ತು ಹೊಡೆದೆವು. ಹೊರಡುವ ಮುನ್ನ ಬೆಣ್ಣೆ ದೋಸೆ ತಿನ್ನದೆ ಊರು ಬಿಡುವುದುಂಟೇ? ಸೌದೆ ಒಲೆಯ ಹೋಟೆಲಿನಲ್ಲಿ ತಲಾ ಎರಡು ದೋಸೆ, ಬಿಳಿ ಆಲೂಗಡ್ಡೆ ಪಲ್ಯ, ನೀರಾದ ಕಾಯಿ ಚಟ್ನಿ. ಅಂಚು ಗರಿಗರಿ, ನಡು ಮೆತ್ತಗೆ, ಮೇಲೆ ಕರಗುತ್ತಿರುವ ಬೆಣ್ಣೆ. ಇದನ್ನು ತಿಂದು ಅರ್ಧ ಗಂಟೆಯಾದರೂ ನಿಧಾನ ತುಳಿಯಬೇಕು, ಇಲ್ಲವಾದರೆ ಹೊಟ್ಟೆ ಭಾರವಾಗಿ ಮೊದಲ ಹತ್ತು ಕಿ.ಮೀ. ಹಾಳಾಗುತ್ತದೆ.

ಹದಡಿ ರಸ್ತೆ ಬಿಟ್ಟು ಭದ್ರಾ ನಾಲೆಯ ಏರಿ ಹತ್ತಿದ ಕ್ಷಣದಲ್ಲಿ ಸದ್ದು ನಿಂತಿತು. ಫ್ಯಾನ್ ಆಫ್ ಮಾಡಿದ ಮೇಲೆ ಕೋಣೆಯಲ್ಲಿ ಅಷ್ಟು ಹೊತ್ತು ಸದ್ದಿತ್ತೆಂದು ತಿಳಿಯುತ್ತದಲ್ಲ, ಹಾಗೆ. ಏರಿಯ ಮೇಲೆ ಗಟ್ಟಿಯಾದ ಮಣ್ಣಿನ ದಾರಿ. ಒಂದು ಬದಿ ನಾಲೆ, ಇನ್ನೊಂದು ಬದಿ ಕಣ್ಣು ಹಾಯುವವರೆಗೂ ಹೊಂಬಣ್ಣದ ಭತ್ತ, ನಡುನಡುವೆ ಅಡಿಕೆ ತೋಟದ ಕಡುಹಸಿರು ಗೆರೆ. ನಾಲೆಯ ಮೇಲ್ಬದಿಯಲ್ಲಿ ಒಣ ಮೆಕ್ಕೆಜೋಳದ ದಂಟು. ಇಪ್ಪತ್ತು ಅಡಿ ಅಗಲದ ಒಂದು ನೀರಿನ ಗೆರೆ ಎರಡು ಬಗೆಯ ಬದುಕನ್ನು ಬೇರ್ಪಡಿಸಿದೆ. ಕೆಳಗಿನವರದು ನಾಲೆ ನೀರುಣ್ಣುವ ಅಚ್ಚುಕಟ್ಟು, ಮೇಲಿನವರದು ಮಳೆಯ ನಂಬಿಕೆ.

ಐದಾರು ಕಿ.ಮೀ. ಹೋಗುವಷ್ಟರಲ್ಲಿ ನನ್ನ ಹಿಂದಿನ ಗಾಲಿ ಕೂತಿತು. ಜಾಲಿ ಮುಳ್ಳು. ನಾಲೆ ಏರಿಯ ಮೇಲೆ ಸೈಕಲ್ ಹೊಡೆಯುವವರು ಅಂಚಿಗೆ ಹೋಗದೆ ಟ್ರ್ಯಾಕ್ಟರ್ ಗಾಲಿ ಸವೆಸಿದ ಜಾಡಿನಲ್ಲೇ ಇರಬೇಕೆಂದು ನನಗೆ ತಿಳಿದದ್ದು ಅಲ್ಲಿಯೇ. ಮುಂಗಾರಿನ ನೀರು ನಿಲ್ಲಿಸಿ ನಾಲ್ಕು ದಿನವಾಗಿತ್ತಂತೆ. ನಾಲೆಯ ತಳದಲ್ಲಿ ಮೊಣಕಾಲುದ್ದ ನೀರು ಉಳಿದಿತ್ತು. ಮೆಟ್ಟಿಲಿನಲ್ಲಿ ಕೂತು ಟ್ಯೂಬ್ ಅನ್ನು ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿದೆವು. ಸಾಸಿವೆ ಕಾಳಿನಷ್ಟು ಗುಳ್ಳೆಗಳ ಒಂದು ದಾರ ಎದ್ದು ಬಂತು. ಅಲ್ಲೇ ಬೆರಳಿಟ್ಟು ಹಿಡಿದೆ.

ಪ್ಯಾಚ್ ಒಣಗಲೆಂದು ಕಾಯುತ್ತಿದ್ದಾಗ ಹಳೆಯ ಸೈಕಲ್ಲಿನಲ್ಲಿ ಹಿರಿಯರೊಬ್ಬರು ಬಂದರು. ಹ್ಯಾಂಡಲ್ಲಿಗೆ ತೂಬು ತಿರುಗಿಸುವ ಕಬ್ಬಿಣದ ಕೀಲಿ ನೇತುಹಾಕಿದ್ದರು. ನಾಲೆಯ ಸೌಡಿ. ತೂಬು ಎತ್ತುವುದು, ಇಳಿಸುವುದು, ನೀರಿನ ಸರದಿ ಕಾಯುವುದು ಅವರ ಕೆಲಸ. ಹರೆಯದಿಂದ ಇದೇ ಏರಿಯ ಮೇಲೆ ಓಡಾಡಿದ್ದಾರೆ.

"ಎಲ್ಲಿಯವರೆಗೆ?" ಎಂದು ಕೇಳಿದರು.

"ಹರಿಹರಕ್ಕೆ ಹೋಗಿ, ಹೊಳೆ ದಂಡೆ ಹಿಡಿದು ಉಕ್ಕಡಗಾತ್ರಿಯವರೆಗೆ, ಅಜ್ಜ. ನೆಲ ಸಪಾಟು ಇದೆ, ತ್ರಾಸವಿಲ್ಲ" ಎಂದ ಅಳಿಯ.

"ಸಪಾಟು ಎಂದು ಯಾರು ಹೇಳಿದರು?" ಎಂದವರು ಸೈಕಲ್ ಸ್ಟ್ಯಾಂಡ್ ಹಾಕಿ ಕೆಳಗಿಳಿದರು. ದಂಡೆಯ ಬೇವಿನ ಗಿಡದಿಂದ ಒಂದು ಹಣ್ಣೆಲೆ ಕಿತ್ತು ನೀರಿನ ಮೇಲೆ ಇಟ್ಟರು. ನೀರು ಕನ್ನಡಿಯಂತೆ ನಿಂತಿತ್ತು. ಎಲೆಯೂ ನಿಂತಿತು. ನಾವೂ ನೋಡುತ್ತಾ ನಿಂತೆವು. ಒಂದು ನಿಮಿಷವಾದರೂ ಆಗಿರಬೇಕು. ಎಲೆ ಮೊದಲು ತನ್ನ ಸುತ್ತ ಸ್ವಲ್ಪ ತಿರುಗಿತು. ತೊಟ್ಟು ಮುಂದಾಯಿತು. ಆಮೇಲೆ ಗೇಣುದ್ದ, ಮೊಳದುದ್ದ ಸರಿಯುತ್ತಾ ಹೊರಟಿತು.

"ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಗೊತ್ತು. ಲಕ್ಕವಳ್ಳಿಯಲ್ಲಿ ಬಿಟ್ಟ ನೀರು ಇಲ್ಲಿಗೆ ಬರಬೇಕಾದರೆ ದಿನಗಟ್ಟಲೆ ಹಿಡಿಯುತ್ತದೆ. ಅಷ್ಟು ನಿಧಾನದ ಇಳಿಜಾರು. ನಡುವೆ ಯಾರಾದರೂ ಒಂದು ಗೇಣು ಹೆಚ್ಚು ತೂಬು ಎತ್ತಿದರೆ ಕೊನೆ ಭಾಗದವನ ಗದ್ದೆ ಬಿರಿಯುತ್ತದೆ."

ಈ ಕೊನೆ ಭಾಗ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಬಲು ಭಾರವಾದದ್ದು. ಪ್ರತಿ ಬೇಸಿಗೆ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುತ್ತಾರೆ. ನಾಲೆಯ ಮೊದಲ ಭಾಗದವರು ಅಡಿಕೆ ಹಾಕಿದ್ದಾರೆ, ಪಂಪ್‌ಸೆಟ್ ಇಟ್ಟು ಎತ್ತುತ್ತಾರೆ ಎಂಬ ದೂರು ಹಳೆಯದು. ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದರೂ ನನಗೆ ಅದು ಅರ್ಥವಾದದ್ದು ಆ ಎಲೆ ಸರಿದಾಗ. ಇಷ್ಟು ಕಡಿಮೆ ಇಳುಕಲಿರುವ ನೆಲದಲ್ಲಿ ನೀರು ಕೊನೆ ಮುಟ್ಟುವುದೇ ದೊಡ್ಡ ಕೆಲಸ.

ಅಲ್ಲಿಂದ ದೇವರಬೆಳಕೆರೆಯ ಸಣ್ಣ ಒಡ್ಡು, ಅಂದರೆ ಪಿಕಪ್‌ವರೆಗೆ ಹೆಚ್ಚು ಮಾತಿಲ್ಲದೆ ತುಳಿದೆವು. ಪಿಕಪ್‌ನ ಹಿನ್ನೀರಿನ ತುಂಬ ಅಂತರಗಂಗೆ ಹಬ್ಬಿತ್ತು. ತೂಬಿನ ಬಾಯಿಗೆ ಕಟ್ಟಿಕೊಳ್ಳುವ ಈ ಕಳೆಯನ್ನು ಎಷ್ಟು ತೆಗೆದರೂ ಮತ್ತೆ ಬರುತ್ತದೆ ಎಂದು ಮೀನು ಹಿಡಿಯಲು ಕೂತ ಹುಡುಗರು ಹೇಳಿದರು.

ಸಂಜೆ ಹರಿಹರ. ಹರಿಹರೇಶ್ವರ ದೇವಸ್ಥಾನಕ್ಕೆ ಹೋದಾಗ ಬಿಸಿಲು ಓರೆಯಾಗಿ ಮಂಟಪದ ಒಳಗೆ ಬಿದ್ದಿತ್ತು. 1224ರ ಸುಮಾರಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಚರಕಿಗೆ ಹಿಡಿದು ಕಡೆದಂತೆ ನುಣುಪಾದ ಕಂಬಗಳು. ಗರ್ಭಗುಡಿಯಲ್ಲಿ ಬಲಭಾಗ ಹರ, ಎಡಭಾಗ ಹರಿ, ದೇಹ ಒಂದೇ. ಹರಿಯಿಂದಲೂ ಹರನಿಂದಲೂ ಸಾವು ಬಾರದಿರಲೆಂದು ಗುಹಾಸುರ ವರ ಪಡೆದಿದ್ದನಂತೆ. ಇಬ್ಬರೂ ಒಂದಾಗಿ ಬಂದರು. ಅಳಿಯ ಕಂಬವೊಂದಕ್ಕೆ ಒರಗಿ ಬಹಳ ಹೊತ್ತು ಕೂತಿದ್ದ. ಕಲ್ಲು ತಣ್ಣಗಿದೆ, ಕಾಲು ಚಾಚಿದರೆ ಹಿತವಾಗುತ್ತದೆ ಎಂದ. ರಾತ್ರಿ ಬೀದಿ ಬದಿಯಲ್ಲಿ ಖಾರ ಮಂಡಕ್ಕಿ, ಬಿಸಿ ಮಿರ್ಚಿ. ದಿನವಿಡೀ ಬೆವರು ಹರಿಸಿದ ಮೈಗೆ ಆ ಉಪ್ಪು, ಆ ಖಾರ ಎರಡೂ ಬೇಕಾಗಿದ್ದವು.

ಎರಡನೆಯ ದಿನ: ಹೊಳೆಯ ಗುಂಟ ಉಕ್ಕಡಗಾತ್ರಿಗೆ

ಬೆಳಿಗ್ಗೆ ಆರೂವರೆಗೆ ಹೊರಟಾಗ ಮಂಜು. ಸೂಳೆಕೆರೆ ಹಳ್ಳ ಹೊಳೆ ಸೇರುವ ಊರು ಹರಿಹರ. ಹಳ್ಳದ ಮೇಲೆ ಮಂಜು ಹತ್ತಿಯ ಹಾಸಿನಂತೆ ಮಲಗಿತ್ತು. ಊರ ಅಂಚು ದಾಟಿ ರಾಜನಹಳ್ಳಿಯ ದಾರಿ ಹಿಡಿದ ಮೇಲೆ ಕಾಣುತ್ತಿದ್ದುದು ಮುಂದಿನ ಇಪ್ಪತ್ತು ಅಡಿ ಡಾಂಬರು ಮಾತ್ರ. ಎಮ್ಮೆ ಹಿಂಡು ಕಣ್ಣಿಗೆ ಬೀಳುವ ಮೊದಲೇ ಗಂಟೆಯ ಸದ್ದು ಬಂತು. ಹಾಲಿನ ಕ್ಯಾನ್ ಹೇರಿಕೊಂಡ ಒಂದು ಬೈಕ್ ಹೋಯಿತು. ಮುಂದಿನ ಒಂದು ಗಂಟೆ ಒಂದೇ ಒಂದು ವಾಹನ ಎದುರಾಗಲಿಲ್ಲ.

ಈ ಭಾಗದಲ್ಲಿ ತುಂಗಭದ್ರೆಯನ್ನು ಯಾರೂ ನದಿ ಎನ್ನುವುದಿಲ್ಲ. ಹೊಳೆ. ಊರಿನ ಹೆಸರುಗಳಲ್ಲೂ ಅದೇ: ಹೊಳೆಸಿರಿಗೆರೆ, ಎಳೆಹೊಳೆ, ಧೂಳೆಹೊಳೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿದ ಮೇಲೆ ಹೊಳೆ ಉತ್ತರಕ್ಕೆ ತಿರುಗಿ ಈ ಬಯಲಿಗೆ ಬರುತ್ತದೆ. ಪ್ರತಿ ಮಳೆಗಾಲ ದಂಡೆ ಮೀರಿ ತಂದು ಹಾಸಿದ ಮೆಕ್ಕಲು ಮಣ್ಣೇ ಇಲ್ಲಿನ ಸಪಾಟು. ನಾವು ಹೊಳೆಯ ಎದುರು ದಿಕ್ಕಿನಲ್ಲಿ ಹೋಗುತ್ತಿದ್ದೆವು, ಅಂದರೆ ಲೆಕ್ಕಕ್ಕೆ ಏರುದಾರಿ. ಕಾಲಿಗೆ ಮಾತ್ರ ಅದರ ಸುಳಿವೇ ಇಲ್ಲ. ಬೆನ್ನ ಹಿಂದಿನಿಂದ ಮೂಡಣ ಗಾಳಿ ಮೆಲ್ಲಗೆ ನೂಕುತ್ತಿತ್ತು. ಅದು ಎಷ್ಟು ನೂಕುತ್ತಿದೆ ಎಂದು ಮರುದಿನ ತಿರುಗಿ ಬರುವಾಗ ತಿಳಿಯಿತು.

ಮಂಜು ಕರಗಿದಂತೆ ರಸ್ತೆಯ ನಿಜವಾದ ಯಜಮಾನ ಕಾಣಿಸಿಕೊಂಡ. ಭತ್ತ. ಊರು ಹತ್ತಿರವಾಗುತ್ತಿದ್ದಂತೆ ಡಾಂಬರಿನ ಅರ್ಧ ಅಗಲಕ್ಕೆ, ಫರ್ಲಾಂಗುಗಟ್ಟಲೆ ಉದ್ದಕ್ಕೆ ಭತ್ತ ಹರವಿದ್ದರು. ಅಂಚಿಗೆ ಸಾಲು ಕಲ್ಲು. ನಾವು ಇಳಿದು ಸೈಕಲ್ ತಳ್ಳಿಕೊಂಡು ನಡೆದೆವು. ಭತ್ತವನ್ನು ಕಾಲಿನಿಂದ ಸಾಲು ಸಾಲಾಗಿ ತಿರುವುತ್ತಿದ್ದ ತಾಯಿಯೊಬ್ಬರು ಸೀರೆಯನ್ನು ಮೇಲೆತ್ತಿ ಕಟ್ಟಿದ್ದರು. ಎರಡು ಪಾದಗಳನ್ನೂ ಎತ್ತದೆ, ನೆಲಕ್ಕೆ ಉಜ್ಜುತ್ತಾ ಮುಂದೆ ಸಾಗುತ್ತಿದ್ದರು. ಅವರ ಹಿಂದೆ ನೇಗಿಲಿನ ಸಾಲಿನಂತೆ ಎರಡು ಗೆರೆ ಬೀಳುತ್ತಿತ್ತು. ಒಣಗಿದ ಕಾಳಿನ ಸದ್ದಿಗೂ ಹಸಿ ಕಾಳಿನ ಸದ್ದಿಗೂ ವ್ಯತ್ಯಾಸವಿದೆ ಎಂದು ಅವರು ಹೇಳಿದ ಮೇಲೆ ಕಿವಿಗೊಟ್ಟೆವು. ರಸ್ತೆಯ ನಡುವಿನದು ಚರಚರ ಎನ್ನುತ್ತಿತ್ತು. ಮರದ ನೆರಳಿನಲ್ಲಿದ್ದದ್ದು ಮಂದವಾಗಿತ್ತು.

"ಹತ್ತಿಕೊಂಡೇ ಹೋಗಿ, ತಮ್ಮಾ. ಸೈಕಲ್ಲಿಗೆ ಏನೂ ಆಗುವುದಿಲ್ಲ. ಲಾರಿ ಹರಿದರೆ ಮಾತ್ರ ನುಚ್ಚು" ಎಂದರು. ಆದರೂ ನಾವು ಹತ್ತಲಿಲ್ಲ. ಅನ್ನದ ಮೇಲೆ ಗಾಲಿ ಹಾಯಿಸಲು ಮನಸ್ಸು ಬರಲಿಲ್ಲ.

ಕಣ ಮಾಡಿಕೊಳ್ಳಲು ಜಾಗವಿಲ್ಲವೇ ಎಂದು ಕೇಳಿದೆ. ಕಣವಿದ್ದ ಜಾಗವೂ ಗದ್ದೆಯಾಗಿದೆ, ಯಂತ್ರ ಒಂದೇ ದಿನದಲ್ಲಿ ಕೊಯ್ದು ಕೊಡುತ್ತದೆ, ಹಸಿ ಭತ್ತ ಕೊಟ್ಟರೆ ವ್ಯಾಪಾರಿ ದರ ಇಳಿಸುತ್ತಾನೆ, ಒಣಗಿಸದೆ ಬೇರೆ ದಾರಿಯಿಲ್ಲ ಎಂದರು. ರಸ್ತೆಗೆ ಭತ್ತ ಹರವುವುದು ತಪ್ಪು, ಅಪಘಾತವಾಗುತ್ತದೆ ಎಂದು ನಾನೂ ಊರಿನಲ್ಲಿ ಕೂತು ಮಾತನಾಡಿದ್ದೇನೆ. ಅಪಾಯ ನಿಜ. ಕತ್ತಲಾದ ಮೇಲೆ ಆ ಅಂಚಿನ ಕಲ್ಲುಗಳು ಕಾಣುವುದಿಲ್ಲ, ಆದ್ದರಿಂದ ಕೊಯ್ಲಿನ ದಿನಗಳಲ್ಲಿ ಈ ಕಡೆ ಸೈಕಲ್ ತರುವವರು ಸೂರ್ಯ ಮುಳುಗುವ ಮೊದಲೇ ತಂಗುವ ಊರು ಸೇರಿಕೊಳ್ಳಬೇಕು. ಆದರೆ ಆ ತಾಯಿಯ ಪಾದ ನೋಡಿದ ಮೇಲೆ ನನ್ನ ಹಳೆಯ ಮಾತು ಹಿಂತೆಗೆದುಕೊಂಡಿದ್ದೇನೆ. ಒಣಗಿಸುವ ಜಾಗ ಕೊಡದೆ ಬಯ್ಯುವ ಹಕ್ಕು ನಮಗಿಲ್ಲ.

ಗದ್ದೆಗಳಲ್ಲಿ ಕಟಾವು ಯಂತ್ರದ ಹಿಂದೆ ಬೆಳ್ಳಕ್ಕಿಗಳ ಮೆರವಣಿಗೆ. ಯಂತ್ರ ತಿರುಗಿದ ಕಡೆಗೆ ನೂರು ಬಿಳಿ ರೆಕ್ಕೆ ಒಟ್ಟಿಗೇ ಎದ್ದು ಮತ್ತೆ ಕೂರುತ್ತಿದ್ದವು. ಒಂದು ಕಡೆ ಹುಲ್ಲು ಹರಡಿದ್ದ ದಾರಿಯಲ್ಲಿ ಅಜಾಗರೂಕತೆಯಿಂದ ಹೋದದ್ದಕ್ಕೆ ಅಳಿಯನ ಸೈಕಲ್ ಫ್ರೀವೀಲಿಗೆ ಹುಲ್ಲು ಸುತ್ತಿಕೊಂಡು ಚೈನ್ ಕಳಚಿತು. ಹಸಿ ಹುಲ್ಲು ಹಗ್ಗದಷ್ಟು ಗಟ್ಟಿ. ಎಳೆದಷ್ಟೂ ಬಿಗಿಯಿತು. ಹತ್ತಿರದ ಗದ್ದೆಯವರು ಕುಡುಗೋಲಿನ ತುದಿಯಿಂದ ಎಳೆ ಎಳೆಯಾಗಿ ಕತ್ತರಿಸಿ ಕೊಟ್ಟರು, ಜೊತೆಗೆ ತಮ್ಮ ಬುತ್ತಿಯನ್ನೂ ಬಿಚ್ಚಿದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ. ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ. ಬದುವಿನ ಮೇಲೆ ಕೂತು ತಿಂದೆವು. ಭತ್ತ ಬೆಳೆಯುವವರ ಬುತ್ತಿಯಲ್ಲಿ ಜೋಳ ಇರುವುದನ್ನು ಅಳಿಯ ಗಮನಿಸಿ ಕೇಳಿದ. "ಅನ್ನ ಉಂಡರೆ ಮಧ್ಯಾಹ್ನಕ್ಕೇ ಹಸಿವು. ರೊಟ್ಟಿ ಸಂಜೆವರೆಗೂ ಇರುತ್ತದೆ" ಎಂದರು. ನಮಗೂ ಅಂದು ಸಂಜೆಯವರೆಗೆ ಹಸಿವಾಗಲಿಲ್ಲ.

ಮಧ್ಯಾಹ್ನ ಒಂದು ಊರಿನಲ್ಲಿ ಹೊಳೆಯ ತನಕ ಇಳಿದೆವು. ದಂಡೆಯಲ್ಲಿ ಹರಿಗೋಲು ಬೋರಲು ಹಾಕಿತ್ತು, ಹೊಸದಾಗಿ ಟಾರು ಬಳಿದ ವಾಸನೆ. ಅದರ ನೆರಳಿನಲ್ಲಿ ಕೂತಿದ್ದ ಅಜ್ಜ ಎದುರು ದಂಡೆಗೆ ಕೈ ತೋರಿಸಿದರು. "ನನ್ನ ಹೆಂಡತಿಯ ತವರು ಅದು. ಕೂಗಿದರೆ ಕೇಳುತ್ತದೆ. ನಮ್ಮ ಅಪ್ಪನ ಕಾಲದಲ್ಲಿ ಆಚೆಯವರದು ಮುಂಬೈ ಸರ್ಕಾರ, ನಮ್ಮದು ಮಹಾರಾಜರ ರಾಜ್ಯ." 1956ರ ನವೆಂಬರ್ 1ರವರೆಗೆ ಇದೇ ಹೊಳೆ ಮೈಸೂರಿಗೂ ಮುಂಬೈ ಕರ್ನಾಟಕಕ್ಕೂ ಗಡಿ. ಎರಡು ಸರ್ಕಾರಗಳ ನಡುವೆ ಹೆಣ್ಣು ಕೊಟ್ಟು ತಂದು ಹರಿಗೋಲಿನಲ್ಲೇ ಸಂಬಂಧ ಉಳಿಸಿಕೊಂಡ ಜನ ಇವರು. ಮೇಲೆ ಬರುವಾಗ ಒಂದು ಮನೆಯ ಗೋಡೆಯಲ್ಲಿ ಎದೆಮಟ್ಟಕ್ಕೆ ಕಂದು ಗೆರೆ ಕಂಡಿತು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎಳೆದಷ್ಟು ನೇರ. ನೆರೆ ನಿಂತ ಗುರುತು. ಮನೆಯವರು ಸುಣ್ಣ ಹೊಡೆಸಿದರೂ ಆ ಗೆರೆ ಮತ್ತೆ ಮೂಡುತ್ತದಂತೆ. ಅಲ್ಲಿಂದ ಹೊಳೆ ಒಂದು ಫರ್ಲಾಂಗಿನಾಚೆ, ತಗ್ಗಿನಲ್ಲಿ ಶಾಂತವಾಗಿ ಹರಿಯುತ್ತಿತ್ತು.

ಉಕ್ಕಡಗಾತ್ರಿ ತಲುಪಿದಾಗ ನಾಲ್ಕೂವರೆ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯ ಊರು. ಅಮಾವಾಸ್ಯೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ದಿನ ತಪ್ಪಿಸಿ ಬಂದರೆ ಕೊಠಡಿ ಸುಲಭವಾಗಿ ಸಿಗುತ್ತದೆ, ನಮಗೂ ಸಿಕ್ಕಿತು. ಮನಸ್ಸಿನ ಬೇನೆ, ಗಾಳಿ ಸೋಕು ಎಂದು ನಂಬಿ ದೂರದಿಂದ ತಮ್ಮವರನ್ನು ಕರೆತಂದವರು ಇಲ್ಲಿ ದಿನಗಟ್ಟಲೆ ಇರುತ್ತಾರೆ. ಸ್ನಾನಘಟ್ಟದಲ್ಲಿ ಒಬ್ಬ ಅಣ್ಣ ತನ್ನ ತಂಗಿಯ ತಲೆಗೆ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದ. ಆಕೆ ಎಲ್ಲೋ ನೋಡುತ್ತಿದ್ದಳು. ಅವನು ಪ್ರತಿ ತಂಬಿಗೆಗೂ ಮೊದಲು ತನ್ನ ಕೈ ಅದ್ದಿ ನೀರು ಹೆಚ್ಚು ತಣ್ಣಗಿದೆಯೇ ಎಂದು ನೋಡುತ್ತಿದ್ದ. ನನ್ನ ನಂಬಿಕೆ ಏನೇ ಇರಲಿ, ಆ ಕೈಯನ್ನು ನಾನು ಮರೆಯುವುದಿಲ್ಲ. ಹೊಳೆ ತುಂಬಿದಾಗ ಈ ಘಟ್ಟವೂ ಮೇಲಿನ ಅಂಗಡಿಗಳೂ ಮುಳುಗುತ್ತವೆ, ಊರಿನ ಸಂಪರ್ಕ ರಸ್ತೆಯ ಮೇಲೂ ನೀರು ಬರುತ್ತದೆ. ರಾತ್ರಿ ದಾಸೋಹದಲ್ಲಿ ಅನ್ನ, ಸಾರು, ಗೋಧಿ ಪಾಯಸ.

ಮೂರನೆಯ ದಿನ: ಕೊಮಾರನಹಳ್ಳಿ ಮತ್ತು ಎದುರುಗಾಳಿ

ನಂದಿಗುಡಿ ದಾಟಿ ಮಲೇಬೆನ್ನೂರಿಗೆ ಬಂದೆವು. ಚಹಾ, ಬಿಸಿ ಇಡ್ಲಿ, ಅಲ್ಲಿಂದ ಕೊಮಾರನಹಳ್ಳಿ ಕೆರೆ. ಮೂರು ದಿನಗಳಲ್ಲಿ ಮೊದಲ ಬಾರಿಗೆ ಗುಡ್ಡಗಳು ಹತ್ತಿರ ಬಂದವು. ಕೆರೆಯ ದಂಡೆಯ ರಂಗನಾಥನೇ ಹೆಳವನಕಟ್ಟೆ ಗಿರಿಯಮ್ಮನ ಆರಾಧ್ಯ ದೈವ. ರಾಣೆಬೆನ್ನೂರಿನಲ್ಲಿ ಹುಟ್ಟಿ, ಹೊಳೆ ದಾಟಿ ಮಲೇಬೆನ್ನೂರಿಗೆ ಸೊಸೆಯಾಗಿ ಬಂದವಳು, ಸಂಸಾರದ ನಡುವೆಯೇ ಹಾಡು ಕಟ್ಟಿದವಳು. ಅಂಕಿತವೂ ಈ ಹೆಳವನಕಟ್ಟೆ ರಂಗನದೇ. ಅಕ್ಕನಿಗೆ ಗಿರಿಯಮ್ಮನ ಹಾಡುಗಳು ಬಾಯಿಗೆ ಬರುತ್ತವೆ. ಅಳಿಯ ಫೋನ್ ಹಚ್ಚಿ ಕೆರೆ ತೋರಿಸಿದ. ಆಕೆ ಅಡುಗೆಮನೆಯಲ್ಲೇ ನಿಂತು ಒಂದು ಸೊಲ್ಲು ಹಾಡಿದಳು. ಫೋನಿನಿಂದ ಬಂದ ಆ ಸಣ್ಣ ದನಿ ಕೆರೆ ಏರಿಯ ಮೇಲೆ ಸ್ಪಷ್ಟವಾಗಿ ಕೇಳಿತು. ಬೇರೆ ಸದ್ದೇ ಇರಲಿಲ್ಲ.

ಹಿಂದಿರುಗುವ ದಾರಿಯ ಬಗ್ಗೆ ಹೇಳುವುದು ಗಾಳಿಯೊಂದನ್ನೇ. ನಿನ್ನೆ ಬೆನ್ನು ನೂಕಿದ ಗಾಳಿ ಇಂದು ಎದೆಗೆ ಕೈಯಿಟ್ಟು ನಿಲ್ಲಿಸಿತು. ಬಯಲಿನಲ್ಲಿ ತಡೆಯಲು ಒಂದು ಮರವಿಲ್ಲ, ದಿಬ್ಬವಿಲ್ಲ. ಏರುದಾರಿಯಾದರೆ ತುದಿ ಕಾಣುತ್ತದೆ, ಎದುರುಗಾಳಿಗೆ ತುದಿಯಿಲ್ಲ. ಚಳಿಗಾಲದಲ್ಲಿ ಈ ಸುತ್ತು ಹಾಕುವವರು ಮೂಡಣಕ್ಕೆ ಮುಖ ಮಾಡುವ ಭಾಗವನ್ನು ನಸುಕಿನಲ್ಲೇ ಮುಗಿಸಿಕೊಳ್ಳುವುದು ಲೇಸು, ಹತ್ತು ಗಂಟೆಯ ನಂತರ ಗಾಳಿ ಏಳುತ್ತದೆ. ನಾವು ಕೆರೆಯಲ್ಲಿ ಹೊತ್ತು ಕಳೆದಿದ್ದೆವು. ಭಾನುವಳ್ಳಿ ಕಡೆಯ ದಾರಿಯಲ್ಲಿ ಐದೈದು ನಿಮಿಷಕ್ಕೊಮ್ಮೆ ಸರದಿಯಂತೆ ಮುಂದೆ ಹೋದೆವು. ಒಬ್ಬ ಗಾಳಿ ಸೀಳಿದರೆ ಇನ್ನೊಬ್ಬನಿಗೆ ಅವನ ಬೆನ್ನ ನೆರಳು. ಕೊನೆಕೊನೆಗೆ ನನ್ನ ಸರದಿಯನ್ನೂ ಅವನೇ ತೆಗೆದುಕೊಂಡ. "ಮಾವ, ನನ್ನ ಗಾಲಿಯಿಂದ ಕಣ್ಣು ತೆಗೆಯಬೇಡಿ" ಎಂದಷ್ಟೇ ಹೇಳಿದ. ಅವನಿಗೆ ಸೈಕಲ್ ಕಲಿಸುವಾಗ ಸೀಟು ಹಿಡಿದು ಹಿಂದೆ ಓಡಿದ್ದು ನಾನು.

ಸಂಜೆ ನಾಲೆ ಏರಿಯ ಮೇಲೆ ಸೌಡಿ ಅಜ್ಜನಿಗಾಗಿ ನೋಡಿದೆವು. ಇರಲಿಲ್ಲ. ತಳದ ನೀರು ಇನ್ನಷ್ಟು ಇಂಗಿತ್ತು. ಮನೆಗೆ ಬಂದು ಚೀಲ ಕೊಡವಿದಾಗ ಮೊರದಲ್ಲಿ ಹಿಡಿಯುವಷ್ಟು ಹೊಟ್ಟು, ಹತ್ತಿಪ್ಪತ್ತು ಭತ್ತದ ಕಾಳು ಉದುರಿದವು. ಒಟ್ಟು 130 ಕಿ.ಮೀ. ಆಸುಪಾಸು.

ಬೇಸಿಗೆ ಬೆಳೆಗೆ ಜನವರಿಯಲ್ಲಿ ನೀರು ಬಿಡುವ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಮೊನ್ನೆ ಬೆಳಿಗ್ಗೆ ಏಳಕ್ಕೆ ಅಳಿಯನ ಫೋನ್. ಹಿಂದೆ ನೀರಿನ ಮೊರೆತ ಕೇಳುತ್ತಿತ್ತು.

"ಮಾವ, ಹದಡಿ ಹತ್ತಿರ ಏರಿ ಮೇಲೆ ನಿಂತಿದ್ದೇನೆ. ನೀರು ಬಂದಿದೆ. ಬೇವಿನ ಎಲೆ ಹಾಕಿದೆ. ನೋಡುವಷ್ಟರಲ್ಲಿ ಹೋಗಿಬಿಟ್ಟಿತು."